ಹತ್ತು ಕೋಳಿಗೆ ಎಷ್ಟು ಜಾಗ ಬೇಕು? ಬಿಸಿಲು ಸೀಮೆಯ ಹಿತ್ತಲಿಗೆ ಗೂಡು ಮತ್ತು ಅಂಗಳ

ಕೋಳಿ ಸಾಕಣೆ ಬಗ್ಗೆ ಯಾವ ವಿಡಿಯೊ ನೋಡಿದರೂ ಒಂದೇ ಲೆಕ್ಕ: ಒಂದು ಕೋಳಿಗೆ ಗೂಡಿನೊಳಗೆ 4 ಚದರ ಅಡಿ, ಹೊರಗೆ 10 ಚದರ ಅಡಿ. ಲೆಕ್ಕ ಸುಳ್ಳಲ್ಲ. ಆದರೆ ಚಳಿಗೆ ಹೆದರಿ ಕೋಳಿ ಹಗಲೆಲ್ಲ ಗೂಡಿನಲ್ಲೇ ಕೂರುವ ಸೀಮೆಗೆ ಅದು ಸರಿ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಕೋಳಿಗೆ ಚಳಿ ಶತ್ರುವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು ಶತ್ರು. ಅಂಗಳ 200 ಚದರ ಅಡಿ ಇದ್ದರೂ ಮಧ್ಯಾಹ್ನ ಎರಡಕ್ಕೆ ನೆರಳಿರುವುದು 20 ಅಡಿಯಲ್ಲಿ ಮಾತ್ರ ಎಂದಾದರೆ, ಹತ್ತೂ ಕೋಳಿ ಆ 20 ಅಡಿಯಲ್ಲೇ ಒತ್ತೊತ್ತಾಗಿ ನಿಲ್ಲುತ್ತವೆ. ಉಳಿದ 180 ಅಡಿ ಕಾಗದದ ಮೇಲಿನ ಜಾಗ ಅಷ್ಟೇ.

ಆದ್ದರಿಂದ ಈ ಬರಹದ ಉದ್ದಕ್ಕೂ ಜಾಗ ಎಂದರೆ ನೆರಳಿರುವ, ಗಾಳಿಯಾಡುವ ಜಾಗ. ಹತ್ತು ಹೇಂಟೆ, ಒಂದು ಹುಂಜ ಇರುವ ಮನೆಯನ್ನು ಮಾದರಿಯಾಗಿ ಇಟ್ಟುಕೊಂಡು ಲೆಕ್ಕ ಹಾಕೋಣ. ನಿಮ್ಮಲ್ಲಿ ಐದಿದ್ದರೆ ಅರ್ಧ ಮಾಡಿಕೊಳ್ಳಿ, ಇಪ್ಪತ್ತಿದ್ದರೆ ದುಪ್ಪಟ್ಟು.

"ಕೋಳಿಗೇನ್ರೀ, ಒಂದು ಬುಟ್ಟಿ ಕವುಚಿ ಹಾಕಿದರಾತು" ಎನ್ನುವವರು ನಮ್ಮಲ್ಲಿ ಬಹಳ. ಹಗಲೆಲ್ಲ ಊರ ತುಂಬ ತಿರುಗಿ, ತಿಪ್ಪೆ ಕೆದರಿ, ಸಂಜೆ ಮನೆಗೆ ಬರುತ್ತಿದ್ದ ನಾಲ್ಕು ಜವಾರಿ ಕೋಳಿಗೆ ಆ ಬುಟ್ಟಿ ಸಾಕಾಗಿತ್ತು. ಈಗ ಓಣಿಯಲ್ಲಿ ಗಾಡಿ, ಬೀದಿ ನಾಯಿ, ಪಕ್ಕದ ಮನೆಯವರ ಹೂವಿನ ಕುಂಡ. ಕೋಳಿಯನ್ನು ಬೇಲಿಯೊಳಗೆ ಇಡಬೇಕೆಂದ ಮೇಲೆ ಊರು ಕೊಡುತ್ತಿದ್ದ ಜಾಗವನ್ನು ನಾವೇ ಕೊಡಬೇಕು.

ಮೊದಲು ಜಾಗ, ಆಮೇಲೆ ಕೋಳಿ

ಬಹಳಷ್ಟು ಜನ ಮೊದಲು ಸಂತೆಗೆ ಹೋಗಿ ಕೋಳಿ ತರುತ್ತಾರೆ, ಆಮೇಲೆ ಗೂಡಿನ ಯೋಚನೆ ಮಾಡುತ್ತಾರೆ. ಇದನ್ನು ತಿರುವು ಮಾಡಿ. ಹಿತ್ತಲಲ್ಲಿ ಎಷ್ಟು ಜಾಗ ಕೊಡಬಲ್ಲಿರಿ ಎಂದು ಅಳೆದು, ಅದರಿಂದ ಕೋಳಿ ಎಷ್ಟು ಎಂದು ತೀರ್ಮಾನಿಸಿ.

ಅಳೆಯುವುದು ಹೀಗೆ. ಬಿಸಿಲು ಜೋರಿರುವ ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಹಿತ್ತಲಿಗೆ ಹೋಗಿ ನೆರಳಿನ ಅಂಚಿಗೆ ಕಲ್ಲಿಟ್ಟು ಗುರುತು ಮಾಡಿ. ಚಳಿಗಾಲದಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಗೋಡೆಯ ನೆರಳು ಉತ್ತರಕ್ಕೆ ಉದ್ದವಾಗಿ ಬೀಳುತ್ತದೆ. ನಮ್ಮ ಮೂರೂ ಜಿಲ್ಲಾ ಕೇಂದ್ರಗಳು 15ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಹಾಗಾಗಿ ಮೇ ಮೊದಲ ವಾರದಲ್ಲಿ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆಗ ಗೋಡೆಗೆ ನೆರಳೇ ಇರುವುದಿಲ್ಲ. ಮರದ ನೆರಳು ಮರದ ಬುಡಕ್ಕೇ ಬೀಳುತ್ತದೆ. ಗೋಡೆ ನಂಬಿ ಗೂಡು ಕಟ್ಟಿದವರಿಗೆ ಇದು ಮೇ ತಿಂಗಳಲ್ಲೇ ಗೊತ್ತಾಗುವುದು.

ಅಳತೆಯ ಲೆಕ್ಕ ಇಷ್ಟು:

- ರಾತ್ರಿ ಮಲಗಲು ಮಾತ್ರ ಗೂಡು, ಹಗಲೆಲ್ಲ ಹೊರಗೆ ಎಂದಾದರೆ ಗೂಡಿನೊಳಗೆ ಕೋಳಿಗೆ 2 ಚದರ ಅಡಿ ಸಾಕು.
- ಮಳೆಗಾಲದಲ್ಲೋ ನೀವು ಊರಿಗೆ ಹೋದಾಗಲೋ ಇಡೀ ದಿನ ಒಳಗೇ ಇರಬೇಕಾದರೆ 4 ಚದರ ಅಡಿ.
- ಬೇಲಿ ಹಾಕಿದ ಅಂಗಳದಲ್ಲಿ ಕೋಳಿಗೆ 10 ಚದರ ಅಡಿ. ಅದರಲ್ಲಿ ಅರ್ಧ, ಅಂದರೆ 5 ಚದರ ಅಡಿ, ಮೇ ತಿಂಗಳ ಮಧ್ಯಾಹ್ನ ಎರಡಕ್ಕೂ ನೆರಳಾಗಿರಬೇಕು. ಈ ಅರ್ಧದ ನಿಯಮ ಪುಸ್ತಕದ್ದಲ್ಲ, ನನ್ನದು.

ತಳಿಯೂ ಲೆಕ್ಕಕ್ಕೆ ಬರುತ್ತದೆ. ಜವಾರಿ ಕೋಳಿ ಹಗುರ, ಚುರುಕು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಜವಾರಿಗಿಂತ ಬಹಳ ತೂಕ. ಗಿರಿರಾಜ ಸಾಕುವುದಾದರೆ ಮೇಲಿನ ಲೆಕ್ಕಕ್ಕೆ ಕಾಲು ಭಾಗ ಸೇರಿಸಿ. ಮೈ ದೊಡ್ಡದಾದಷ್ಟೂ ಬಿಸಿಲು ತಡೆಯುವ ಶಕ್ತಿ ಕಡಿಮೆ. ಜವಾರಿಗೆ ಜಾಗ ಕಡಿಮೆ ಸಾಕು ಅಂದುಕೊಳ್ಳಬೇಡಿ ಮತ್ತೆ, ಅದರ ಸ್ವಭಾವವೇ ತಿರುಗಾಟದ್ದು. ಇಕ್ಕಟ್ಟಾದರೆ ಮೊದಲು ಕುಕ್ಕಾಟಕ್ಕಿಳಿಯುವುದು ಅದೇ.

ನಮ್ಮ ಮಾದರಿಯ ಹನ್ನೊಂದು ಕೋಳಿಗೆ, ಗೂಡು ರಾತ್ರಿ ಮಲಗಲು ಮಾತ್ರ ಎಂದಾದರೆ: ಗೂಡು 6 ಅಡಿ ಉದ್ದ, 4 ಅಡಿ ಅಗಲ, ಅಂದರೆ 24 ಚದರ ಅಡಿ. ಅಂಗಳ 15 ಅಡಿಗೆ 8 ಅಡಿ, 120 ಚದರ ಅಡಿ. ಎರಡೂ ಸೇರಿ ಒಂದು ಸಣ್ಣ ಕೋಣೆಯಷ್ಟು ಜಾಗ. 30-40 ಸೈಟಿನ ಮನೆಯಲ್ಲಿ ಇಷ್ಟು ಹಿತ್ತಲು ಉಳಿಯುವುದು ಕಷ್ಟ. ಅಂಥವರು ಐದೇ ಹೇಂಟೆ ಸಾಕಿ, ಹುಂಜ ಬಿಡಿ. ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿ ಬೇಕಿದ್ದರೆ ಮಾತ್ರ ಬೇಕು. ಬೆಳಗಿನ ನಾಲ್ಕಕ್ಕೆ ಅದು ಕೂಗಿದರೆ ಪಕ್ಕದ ಮನೆಯವರಿಗೆ ಸಮಾಧಾನ ಹೇಳುವವರು ನೀವೇ. ಪಟ್ಟಣದೊಳಗಿದ್ದರೆ ನಗರಸಭೆಯ ನಿಯಮವನ್ನೂ ಒಮ್ಮೆ ವಿಚಾರಿಸಿಕೊಳ್ಳಿ.

ದಿಕ್ಕು

ಗೂಡಿನ ಉದ್ದ ಪೂರ್ವ-ಪಶ್ಚಿಮವಾಗಿರಲಿ. ಆಗ 4 ಅಡಿಯ ಸಣ್ಣ ಗೋಡೆಗಳು ಮಾತ್ರ ಬೆಳಗಿನ, ಸಂಜೆಯ ಬಿಸಿಲಿಗೆ ಎದುರಾಗುತ್ತವೆ. ಉತ್ತರ, ದಕ್ಷಿಣದ ಉದ್ದ ಬದಿಗಳನ್ನು ತಂತಿ ಬಲೆ ಹಾಕಿ ಗಾಳಿಗೆ ಬಿಡಬಹುದು. ಪಶ್ಚಿಮದ ಗೋಡೆ ಗಟ್ಟಿ ಇರಬೇಕು, ಪೂರ್ತಿ ಮುಚ್ಚಿರಬೇಕು. ಮಧ್ಯಾಹ್ನ ಮೂರರಿಂದ ಐದರ ಬಿಸಿಲು, ಜೂನ್-ಜುಲೈನ ಗಾಳಿ ಮಳೆ ಎರಡೂ ಬಡಿಯುವುದು ಆ ಕಡೆಯಿಂದಲೇ.

ಅಂಗಳವನ್ನು ಗೂಡಿನ ಪೂರ್ವಕ್ಕೆ ಹಾಕಿ. ಮಧ್ಯಾಹ್ನದ ಮೇಲೆ ಗೂಡಿನ ನೆರಳು ಅಂಗಳದೊಳಗೇ ಬೀಳುತ್ತದೆ. ಮನೆಯ ಪೂರ್ವ ಬದಿಯಲ್ಲಿ ಜಾಗವಿದ್ದರೆ ಇನ್ನೂ ಒಳ್ಳೆಯದು, ಮನೆಯ ನೆರಳೇ ಉಚಿತ. ಹಿತ್ತಲಲ್ಲಿ ಬೇವಿನ ಮರ ಇದ್ದರೆ ಈ ದಿಕ್ಕಿನ ಮಾತೆಲ್ಲ ಮರೆತು ಮರದ ಕೆಳಗೇ ಕಟ್ಟಿ. ಬೇವಿನ ನೆರಳಿಗೆ ಸಮನಾದ ಚಾವಣಿಯನ್ನು ದುಡ್ಡು ಕೊಟ್ಟು ತರಲಾಗದು.

ನೆಲ: ಎರೆ (ಕಪ್ಪು) ಮಣ್ಣಿನವರು ಇದನ್ನು ಎರಡು ಸಲ ಓದಿ

ಕುಷ್ಟಗಿ ಕಡೆಯ ಮಸಾರಿ (ಕೆಂಪು) ಮಣ್ಣಿನವರಿಗೆ ಇಲ್ಲಿ ಹೆಚ್ಚು ತೊಂದರೆಯಿಲ್ಲ. ನೀರು ಇಂಗುತ್ತದೆ, ನೆಲ ಬೇಗ ಒಣಗುತ್ತದೆ. ಸಿಂಧನೂರು, ಮಾನ್ವಿ ಕಡೆಯ ಎರೆ ಮಣ್ಣಿನ ಕಥೆ ಬೇರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಂದರೆ ಅಂಟು. ಆ ಮಣ್ಣಿನ ಮೇಲೆ ನೇರವಾಗಿ ಇಟ್ಟಿಗೆ ಗೋಡೆ ಎಬ್ಬಿಸಿದರೆ ಒಂದೆರಡು ಮಳೆಗಾಲದಲ್ಲಿ ಸೀಳುತ್ತದೆ. ಆ ಸೀಳಿನಲ್ಲಿ ಉಣ್ಣಿ ಮನೆ ಮಾಡುತ್ತದೆ (ಅದರ ಮಾತು ಮುಂದೆ ಬರುತ್ತದೆ).

1. ಗೂಡಿನ ಜಾಗದಲ್ಲಿ ಒಂದಡಿ ಎರೆ ಮಣ್ಣು ತೆಗೆದು ಹಾಕಿ. ಗರಸು ತುಂಬಿ, ನೀರು ಹೊಡೆದು, ದಿಮ್ಮಿಯಿಂದ ಗುದ್ದಿ. ಸುತ್ತಲಿನ ನೆಲಕ್ಕಿಂತ ಒಂದರಿಂದ ಒಂದೂವರೆ ಅಡಿ ಎತ್ತರಕ್ಕೆ ಕಟ್ಟೆಯಂತೆ ಬರಲಿ.
2. ಮೇಲೆ ಫರ್ಸಿ ಕಲ್ಲು ಹಾಸಿ ಸಂದಿಗೆ ಸಿಮೆಂಟ್ ತುಂಬಿ. ಹಳೇ ಮನೆ ಕೆಡವಿದಲ್ಲಿ ಒಡೆದ ಫರ್ಸಿ ಅಗ್ಗಕ್ಕೆ ಸಿಗುತ್ತದೆ. ಕೋಳಿಗೆ ಅಂಚು ಒಡೆದಿದ್ದರೇನು, ಸರಿಯಿದ್ದರೇನು. ಕಲ್ಲು ಹಾಸಿದ ಮೇಲೆ ಇಲಿ, ಮುಂಗುಸಿ ಕೆಳಗಿನಿಂದ ಕೊರೆದು ಬರುವಂತಿಲ್ಲ.
3. ಬಾಗಿಲಿನ ಕಡೆಗೆ ಒಂದಿಂಚು ಇಳಿಜಾರು ಇರಲಿ.
4. ಅಂಗಳದಲ್ಲೂ ಮೇಲಿನ ನಾಲ್ಕೈದು ಇಂಚು ಎರೆ ಮಣ್ಣು ತೆಗೆದು ಗರಸು, ಮೇಲೆ ಮರಳು ಹಾಕಿ. ಸುತ್ತ ಒಂದು ಗೇಣು ಕಾಲುವೆ ತೋಡಿ ನೀರು ಹೊರಗೆ ಹೋಗಲು ದಾರಿ ಮಾಡಿ.

ನಾಲ್ಕನೆಯದನ್ನು ಖರ್ಚೆಂದು ಬಿಡುವವರೇ ಹೆಚ್ಚು. ಬಿಟ್ಟರೆ ಏನಾಗುತ್ತದೆ ಎಂದರೆ, ಮಳೆಯಲ್ಲಿ ಎರೆ ಮಣ್ಣು ಕೋಳಿಯ ಬೆರಳ ತುದಿಗೆ ಅಂಟಿ, ಒಣಗಿ, ಅದರ ಮೇಲೆ ಮತ್ತೆ ಅಂಟಿ ಗೋಲಿಯಷ್ಟು ಗಟ್ಟಿ ಉಂಡೆಯಾಗುತ್ತದೆ. ಕೋಳಿ ಕುಂಟುತ್ತದೆ. ಹಿಡಿದು ಕಿತ್ತರೆ ಉಗುರೇ ಬರುತ್ತದೆ. ಬಿಸಿನೀರಲ್ಲಿ ಕಾಲು ನೆನೆಸಿ ಮೆಲ್ಲಗೆ ಬಿಡಿಸಬೇಕು. ಹನ್ನೊಂದು ಕೋಳಿಯ ಕಾಲು ನೆನೆಸುತ್ತ ಕೂರುವುದಕ್ಕಿಂತ ಒಂದು ಟ್ರ್ಯಾಕ್ಟರ್ ಗರಸು ಅಗ್ಗ.

ಗೂಡಿನ ಮೈ

ಎತ್ತರವನ್ನು ಕಂಜೂಸಿ ಮಾಡಬೇಡಿ. ಒಂದು ಬದಿ 7 ಅಡಿ, ಇನ್ನೊಂದು ಬದಿ 6 ಅಡಿ, ನಡುವೆ ಒಂದಡಿ ಇಳಿಜಾರು. ಮನುಷ್ಯ ನಿಂತು ಕಸ ಗುಡಿಸುವಂತಿರಬೇಕು. ಬಗ್ಗಿ ಗುಡಿಸುವ ಗೂಡನ್ನು ಯಾರೂ ಗುಡಿಸುವುದಿಲ್ಲ, ಇದು ಮನುಷ್ಯ ಸ್ವಭಾವ. ಎತ್ತರವಿದ್ದರೆ ಬಿಸಿ ಗಾಳಿಯೂ ಕೋಳಿಯ ತಲೆಯಿಂದ ಮೇಲೆ ಉಳಿಯುತ್ತದೆ.

ಕಂಬಕ್ಕೆ ಕಲ್ಲಿನ ಕಂಬವಾದರೆ ಗೆದ್ದಲಿನ ಚಿಂತೆಯಿಲ್ಲ. ಕಬ್ಬಿಣದ ಪೈಪೂ ಆದೀತು. ಬಳ್ಳಾರಿ ಜಾಲಿ ಕಟ್ಟಿಗೆ ಎಲ್ಲೆಡೆ ಪುಕ್ಕಟೆ ಸಿಗುತ್ತದೆ, ಗಟ್ಟಿಯೂ ಹೌದು. ಬಳಸುವುದಾದರೆ ತೊಗಟೆ ಪೂರ್ತಿ ಸುಲಿದು, ಮಣ್ಣಿಗೆ ಇಳಿಯುವ ಭಾಗಕ್ಕೆ ಡಾಂಬರು ಬಳಿದು ನೆಡಿ.

ಉತ್ತರ, ದಕ್ಷಿಣದ ಬದಿಗಳಲ್ಲಿ ಕೆಳಗಿನ ಒಂದಡಿ ಇಟ್ಟಿಗೆ ಅಥವಾ ನಿಲ್ಲಿಸಿದ ಫರ್ಸಿ ಇರಲಿ. ಒಳಗಿನ ಹೊಟ್ಟು ಹೊರಗೆ ಚೆಲ್ಲುವುದಿಲ್ಲ. ಅಲ್ಲಿಂದ ಮೇಲೆ ಚಾವಣಿಯವರೆಗೂ ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಬಲೆ. ಅಂಗಡಿಯಲ್ಲಿ "ಕೋಳಿ ಜಾಲಿ" ಎಂದು ಆರು ಮೂಲೆಯ ತೆಳು ತಂತಿಯ ಬಲೆ ಕೊಡುತ್ತಾರೆ. ಹೆಸರಿಗೆ ಕೋಳಿಯದು, ಕೋಳಿ ಹೊರಗೆ ಹೋಗದಂತೆ ತಡೆಯಲು ಮಾತ್ರ ಸಾಕು. ನಾಯಿ ಹಲ್ಲಿನಿಂದ ಎಳೆದರೆ ಹರಿಯುತ್ತದೆ. ದೊಡ್ಡ ಕಣ್ಣಿನಲ್ಲಿ ಹಾವು, ಇಲಿ ತೂರುತ್ತವೆ.

ಇಷ್ಟೊಂದು ತೆರೆದರೆ ಮಳೆಗೆ ಕಷ್ಟವಲ್ಲವೇ ಎನ್ನಬಹುದು. ಚಾವಣಿಯನ್ನು ಎರಡೂ ಕಡೆ 2 ಅಡಿ ಹೊರಚಾಚಿ, ಮಳೆಗಾಲಕ್ಕೆ ಇಳಿಬಿಡಲು ತಾಡಪತ್ರೆಯ ಪರದೆ ಸುತ್ತಿಟ್ಟುಕೊಳ್ಳಿ. ಪರದೆಯನ್ನು ಮೇಲಿನ ಅರ್ಧ ಅಡಿ ಬಿಟ್ಟೇ ಕಟ್ಟಬೇಕು. ಪೂರ್ತಿ ಮುಚ್ಚಿದರೆ ಹಿಕ್ಕೆಯ ಘಾಟು ಒಳಗೇ ನಿಂತು ಕೋಳಿಗೆ ಕಣ್ಣುರಿ, ಗೊರಗೊರ ಉಸಿರು ಶುರುವಾಗುತ್ತದೆ.

ಚಾವಣಿ

ತಗಡು ಎಲ್ಲರೂ ಹಾಕುವುದು, ಏಕೆಂದರೆ ಸುಲಭ. ಮೇ ತಿಂಗಳಲ್ಲಿ ಅದು ರೊಟ್ಟಿ ಹಂಚಿನಂತೆ ಕಾಯುತ್ತದೆ. ಕೋಳಿಗೆ ಬೆವರುವ ಗ್ರಂಥಿ ಇಲ್ಲ. ಅದರ ಮೈಬಿಸಿಯೇ 41 ಡಿಗ್ರಿಗೂ ಮೇಲೆ. ಬಾಯಿ ತೆರೆದು ತೇಕಿ, ರೆಕ್ಕೆ ಅಗಲಿಸಿ ಬಿಸಿ ಹೊರಹಾಕುವುದೇ ಅದಕ್ಕಿರುವ ಮುಖ್ಯ ದಾರಿ. ಮೇಲಿಂದ ತಗಡು ಬಿಸಿ ಸುರಿಯುತ್ತಿದ್ದರೆ ಎಷ್ಟು ತೇಕಿದರೂ ಸಾಲದು.

ತಗಡು ಈಗಾಗಲೇ ಇದ್ದರೆ ಅದನ್ನು ಕಿತ್ತು ಹಾಕಬೇಕಿಲ್ಲ. ಮೂರು ಉಪಾಯ ಇವೆ, ಕಡಿಮೆ ಖರ್ಚಿನಿಂದ ಹೆಚ್ಚಿನ ಕಡೆಗೆ ಹೇಳುತ್ತೇನೆ. ಒಂದು, ಮೇಲ್ಮೈಗೆ ಸುಣ್ಣ ಹಚ್ಚುವುದು. ಸುಣ್ಣದ ತಿಳಿಗೆ ಸ್ವಲ್ಪ ಫೆವಿಕಾಲ್ ಬೆರೆಸಿದರೆ ಬೇಗ ಉದುರುವುದಿಲ್ಲ. ಪ್ರತಿ ಮಾರ್ಚ್‌ನಲ್ಲಿ ಹೊಸದಾಗಿ ಹಚ್ಚಬೇಕು. ಎರಡು, ತಗಡಿನ ಮೇಲೆ ಒಂದು ಗೇಣು ದಪ್ಪ ಭತ್ತದ ಹುಲ್ಲೋ ಜೋಳದ ಕಣಿಕೆಯೋ ಹರಡಿ ಹಗ್ಗದಿಂದ ಬಿಗಿಯುವುದು. ಕಾರಟಗಿ, ಗಂಗಾವತಿ ಕಡೆ ಹುಲ್ಲಿಗೆ ಬರವಿಲ್ಲ. ಇಲಿ ಸೇರಿಕೊಳ್ಳುತ್ತದೆ ಎಂಬುದೊಂದೇ ತಕರಾರು, ಹಾಗಾಗಿ ಮಳೆ ಹಿಡಿಯುವ ಮುನ್ನ ಇಳಿಸಿಬಿಡಿ. ಒಲೆ ಹತ್ತಿರವಿರುವ ಹಿತ್ತಲಿಗೆ ಈ ಉಪಾಯ ಬೇಡ, ಕಿಡಿ ಹಾರಿದರೆ ಗೂಡೂ ಇಲ್ಲ, ಕೋಳಿಯೂ ಇಲ್ಲ. ಮೂರು, ತಗಡಿನ ಮೇಲೆ ಒಂದಡಿ ಅಂತರ ಬಿಟ್ಟು ಹಸಿರು ನೆಟ್ ಕಟ್ಟುವುದು. ನೆಟ್ ಬಿಸಿಲನ್ನು ತಡೆಯುತ್ತದೆ, ನಡುವಿನ ಗಾಳಿ ಬಿಸಿಯನ್ನು ಒಯ್ಯುತ್ತದೆ. ನನಗೆ ಮೆಚ್ಚುಗೆಯಾದದ್ದು ಇದು. ನೆಟ್ ಅನ್ನು ತಗಡಿಗೆ ತಾಗಿಸಿ ಹಾಸಿದರೆ ಅರ್ಧ ಪ್ರಯೋಜನ ಹೋಯಿತು.

ಚಾವಣಿಯನ್ನು ಕಂಬಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ, ಬರೀ ಕಲ್ಲು ಹೇರಿ ಬಿಡಬೇಡಿ. ಏಪ್ರಿಲ್-ಮೇನ ಸಂಜೆ ಗುಡುಗಿನ ಜೊತೆ ಬರುವ ಗಾಳಿ ಮೊದಲು ಎತ್ತುವುದು ಇಂಥ ಸಣ್ಣ ಶೆಡ್ಡಿನ ತಗಡನ್ನೇ. ಹಾರುವ ತಗಡು ಕೋಳಿಗಿಂತ ಮನುಷ್ಯರಿಗೆ ಅಪಾಯ.

ಒಳಗೆ: ಕೂರುವ ಗಳ, ಮೊಟ್ಟೆ ಪೆಟ್ಟಿಗೆ

ಕೋಳಿ ನೆಲದಲ್ಲಿ ಮಲಗುವ ಪ್ರಾಣಿಯಲ್ಲ, ರಾತ್ರಿ ಎತ್ತರ ಹುಡುಕುತ್ತದೆ. ಒಂದು ಕೋಳಿಗೆ ಗಳದ ಮೇಲೆ 9ರಿಂದ 10 ಇಂಚು ಬೇಕು. ಹನ್ನೊಂದಕ್ಕೆ ಸುಮಾರು 9 ಅಡಿ. ನಮ್ಮ 6 ಅಡಿ ಗೂಡಿನಲ್ಲಿ ಉದ್ದಕ್ಕೆ ಎರಡು ಗಳ ಹಾಕಿದರೆ ಇಷ್ಟು ಸಿಕ್ಕು ಸ್ವಲ್ಪ ಉಳಿಯುತ್ತದೆ. ಬೇಸಿಗೆಯಲ್ಲಿ ಅವು ದೂರ ದೂರ ಕೂರಲು ಬಯಸುವುದರಿಂದ ಆ ಉಳಿಕೆ ದಂಡವಲ್ಲ.

ಗಳ ಎರಡಿಂಚು ಅಗಲವಿರಲಿ, ಮೇಲಿನ ಅಂಚು ಉಜ್ಜಿ ನುಣುಪು ಮಾಡಿ. ನೆಲದಿಂದ 2 ಅಡಿ ಎತ್ತರ. ಗಿರಿರಾಜಕ್ಕೆ ಒಂದೂವರೆ ಸಾಕು, ಭಾರದ ಕೋಳಿ ಎತ್ತರದಿಂದ ಧುಮುಕಿದರೆ ಪಾದಕ್ಕೆ ಏಟಾಗಿ ಬಾವು ಬರುತ್ತದೆ. ಗೋಡೆಯಿಂದ ಒಂದಡಿ, ಎರಡು ಗಳಗಳ ನಡುವೆ 15 ಇಂಚು. ಎರಡೂ ಒಂದೇ ಎತ್ತರದಲ್ಲಿರಲಿ. ಏಣಿಯಂತೆ ಒಂದು ಮೇಲೆ ಒಂದು ಕೆಳಗೆ ಇಟ್ಟರೆ ದಿನಾ ಸಂಜೆ ಮೇಲಿನದಕ್ಕೆ ಜಗಳ, ಕೆಳಗಿನವುಗಳ ಬೆನ್ನ ಮೇಲೆ ಹಿಕ್ಕೆ.

ಗಳವನ್ನು ಮೊಳೆ ಹೊಡೆದು ಕೂರಿಸಬೇಡಿ, ಗೂಟದ ಕವಲಿನ ಮೇಲೆ ಎತ್ತಿ ಇಡುವಂತಿರಲಿ. ಕಾರಣ ಉಣ್ಣಿ. ನಮ್ಮಂಥ ಒಣ ಬಿಸಿಲಿನ ಸೀಮೆಯಲ್ಲಿ ಕೋಳಿ ಉಣ್ಣಿ ದೊಡ್ಡ ಕಾಟ, ಅದೂ ಹಗಲು ಕಾಣದ ಕಾಟ. ಗೋಡೆಯ ಬಿರುಕು, ತೊಗಟೆಯ ಸಂದು, ಗಳದ ತುದಿಯ ಕೆಳಗೆ ಅಡಗಿದ್ದು, ರಾತ್ರಿ ಹೊರಬಂದು ರಕ್ತ ಹೀರಿ, ಬೆಳಗಾಗುವುದರೊಳಗೆ ಮತ್ತೆ ಸಂದಿಗೆ ಹೋಗುತ್ತದೆ. ಹಗಲು ಕೋಳಿಯ ಮೈ ತಡಕಿದರೆ ಹೆಚ್ಚಾಗಿ ಏನೂ ಸಿಗುವುದಿಲ್ಲ. ಜುಟ್ಟು ಬಿಳಚುತ್ತದೆ, ಮೊಟ್ಟೆ ನಿಲ್ಲುತ್ತದೆ, ಕೆಲವು ಕೋಳಿ ಗೂಡಿಗೆ ಹೋಗಲೇ ಒಲ್ಲೆನ್ನುತ್ತವೆ. ರಾತ್ರಿ ಒಂಬತ್ತು, ಹತ್ತರ ಹೊತ್ತಿಗೆ ಬ್ಯಾಟರಿ ಹಿಡಿದು ಗಳದ ತಳ ನೋಡಿ: ಚಪ್ಪಟೆ, ಬೂದು ಬಣ್ಣದ, ಹುಣಸೆ ಬೀಜಕ್ಕಿಂತ ಸಣ್ಣ ಹುಳ ಹರಿದಾಡುತ್ತಿದ್ದರೆ ಅದೇ. ರಕ್ತ ಕುಡಿದದ್ದು ಉಬ್ಬಿ ನೀಲಿಗಪ್ಪಾಗಿರುತ್ತದೆ. ಗೂಡು ಖಾಲಿ ಬಿಟ್ಟರೆ ಸಾಯುತ್ತದೆ ಎಂದುಕೊಳ್ಳಬೇಡಿ, ಆಹಾರವಿಲ್ಲದೆ ವರ್ಷಗಟ್ಟಲೆ ಬದುಕುವ ಜಾತಿ ಅದು. ಗಳಗಳನ್ನು ಎತ್ತಿ ತಂದು ಕುದಿಯುವ ನೀರು ಸುರಿಯಿರಿ, ಬಿರುಕುಗಳಿಗೆ ಸಿಮೆಂಟ್ ಮೆತ್ತಿ, ಮೇಲೆ ದಪ್ಪಗೆ ಸುಣ್ಣ ಬಳಿಯಿರಿ. ಹೆಚ್ಚಾಗಿದ್ದರೆ ಔಷಧ ಸಿಂಪಡಿಸಬೇಕಾಗುತ್ತದೆ. ಯಾವುದು, ಎಷ್ಟು ಎಂದು ಪಶು ಆಸ್ಪತ್ರೆಯಲ್ಲಿ ಕೇಳಿಯೇ ಮಾಡಿ. ಹೊಲಕ್ಕೆ ಹೊಡೆಯುವ ಔಷಧವನ್ನು ಗೂಡಿಗೆ ಹೊಡೆದು ಕೋಳಿಯನ್ನೇ ಕಳೆದುಕೊಂಡವರಿದ್ದಾರೆ.

ಮೊಟ್ಟೆ ಪೆಟ್ಟಿಗೆ ನಾಲ್ಕು ಹೇಂಟೆಗೆ ಒಂದು, ನಮ್ಮ ಮಾದರಿಗೆ ಮೂರು. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿಗಿಂತ ಸ್ವಲ್ಪ ಎತ್ತರ. ಹಳೇ ಎಣ್ಣೆ ಡಬ್ಬಿಯನ್ನು ಅಡ್ಡ ಮಲಗಿಸಿ ಅಂಚು ಮಡಚಿದರೂ ಆದೀತು, ಆದರೆ ಬೇಸಿಗೆಗೆ ಮರದ್ದೇ ತಂಪು. ಗಳಕ್ಕಿಂತ ಕೆಳಗಿರಬೇಕು, ಮೇಲಿದ್ದರೆ ರಾತ್ರಿ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ. ಕತ್ತಲಿರುವ ಮೂಲೆಯಲ್ಲಿಡಿ.

ಹೊಟ್ಟಿನ ಹಾಸು

ಫರ್ಸಿಯ ಮೇಲೆ ನಾಲ್ಕೈದು ಇಂಚು ಭತ್ತದ ಹೊಟ್ಟು ಹರಡಿ. ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಚೀಲದ ಲೆಕ್ಕದಲ್ಲಿ ಸಿಗುತ್ತದೆ. ಶೇಂಗಾ ಸಿಪ್ಪೆಯೂ ಆಗುತ್ತದೆ, ಒಣಗಿದ್ದು ಮಾತ್ರ. ಬೂಷ್ಟು ಹಿಡಿದ ಶೇಂಗಾ ಸಿಪ್ಪೆ ಕೋಳಿಗೆ ವಿಷ. ವಾರಕ್ಕೆರಡು ಸಲ ಕುಂಟೆಯಿಂದ ಕೆದಕಿ ಮೇಲೆ ಕೆಳಗೆ ಮಾಡಿ.

ಹಾಸು ಸರಿಯಿದೆಯೇ ಎಂದು ತಿಳಿಯಲು ಒಂದು ಹಿಡಿ ತೆಗೆದು ಅಂಗೈಯಲ್ಲಿ ಬಿಗಿಯಾಗಿ ಹಿಚುಕಿ ಬಿಡಿ. ಉಂಡೆಯಾಗಿ ಉಳಿದರೆ ಒದ್ದೆ ಹೆಚ್ಚಾಗಿದೆ: ಒಂದಿಷ್ಟು ಸುಣ್ಣದ ಪುಡಿ ಬೆರೆಸಿ ಕೆದಕಿ, ಒಣ ಹೊಟ್ಟು ಸೇರಿಸಿ. ಕೈಗೆ ತುಸು ಅಂಟಿ, ಬೆರಳು ಬಿಚ್ಚಿದಾಗ ಬಿರಿದರೆ ಸರಿ. ಧೂಳಾಗಿ ಹಾರಿದರೆ ತೀರಾ ಒಣಗಿದೆ, ಸ್ವಲ್ಪ ನೀರು ಚಿಮುಕಿಸಿ. ಜೊತೆಗೆ ಕುಕ್ಕರಗಾಲಲ್ಲಿ ಕೂತು ಕೋಳಿಯ ತಲೆಯ ಎತ್ತರದಲ್ಲಿ ಒಮ್ಮೆ ಉಸಿರೆಳೆಯಿರಿ. ನಿಂತಾಗ ಬಾರದ ಘಾಟು ಅಲ್ಲಿ ಮೂಗಿಗೆ ಹೊಡೆದರೆ ಕೋಳಿ ರಾತ್ರಿಯಿಡೀ ಅದನ್ನೇ ಉಸಿರಾಡುತ್ತಿದೆ ಎಂದರ್ಥ. ಒದ್ದೆ ಹಾಸಿನಿಂದಲೇ ಮರಿಗಳಿಗೆ ರಕ್ತಭೇದಿ ಹತ್ತುವುದು.

ಮುಂಗಾರಿಗೆ ಮುಂಚೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ಪೂರ್ತಿ ತೆಗೆದು ತಿಪ್ಪೆಗೆ ಹಾಕಿ. ಹಸಿ ಕೋಳಿ ಗೊಬ್ಬರ ಗಿಡ ಸುಡುತ್ತದೆ, ಎರಡು ಮೂರು ತಿಂಗಳು ಕೊಳೆತ ಮೇಲೆ ಬಳಸಿ.

ಅಂಗಳ ಮತ್ತು ಬೇಲಿ

15ಕ್ಕೆ 8 ಅಡಿ ಅಂಗಳದ ಸುತ್ತಳತೆ 46 ಅಡಿ. ಐದಡಿಗೊಂದರಂತೆ ಹತ್ತು ಹನ್ನೊಂದು ಕಂಬ, ಎರಡಡಿ ಆಳಕ್ಕೆ. ಎರೆ ಮಣ್ಣಾದರೆ ಗುಂಡಿಗೆ ಗರಸು ತುಂಬಿ ಗುದ್ದಿ. ಬೇಲಿ 6 ಅಡಿ ಎತ್ತರ: ಕೆಳಗಿನ ಎರಡಡಿಗೆ ಗೂಡಿಗೆ ಹಾಕಿದ ಅದೇ ಅರ್ಧ ಇಂಚಿನ ಬಲೆ, ಮೇಲೆ ಸಾಧಾರಣ ಬಲೆ ಸಾಕು. ಇಲ್ಲಿ ಖರ್ಚು ಉಳಿಸಿ.

ನಾಯಿ, ಮುಂಗುಸಿ ಬೇಲಿಯ ಬುಡದಲ್ಲೇ ಕೆರೆಯುತ್ತವೆ. ಬೇಲಿಯ ಹೊರಬದಿಯಲ್ಲಿ ಒಂದೂವರೆ ಅಡಿ ಅಗಲ ಬಲೆಯನ್ನು ನೆಲಕ್ಕೆ ಮಲಗಿಸಿ, ಬೇಲಿಗೆ ಹೊಲಿದು, ಮೇಲೆ ಮಣ್ಣು ಕಲ್ಲು ಹಾಕಿ. ಬುಡದಲ್ಲಿ ಕೆರೆದಾಗ ಬಲೆ ಅಡ್ಡ ಬರುತ್ತದೆ. ಒಂದೂವರೆ ಅಡಿ ಹಿಂದೆ ಸರಿದು ಕೆರೆಯುವ ಬುದ್ಧಿ ಅವಕ್ಕೆ ಹೊಳೆಯುವುದಿಲ್ಲ. ಮರಿ ಇದ್ದರೆ ಮೇಲೂ ಬಲೆ ಬೇಕು. ಹದ್ದು, ಕಾಗೆ ಎರಡೂ ಮರಿ ಎತ್ತುತ್ತವೆ. ಹಾವನ್ನು ದೂರವಿಡಲು ಬೇಲಿಯ ಪಕ್ಕ ಕಟ್ಟಿಗೆ ರಾಶಿ, ಇಟ್ಟಿಗೆ ರಾಶಿ ಇಡಬೇಡಿ, ಸಂಜೆಯೇ ಮೊಟ್ಟೆ ತೆಗೆದುಬಿಡಿ, ಮೇವು ಚೆಲ್ಲಿ ಇಲಿ ಸಾಕಬೇಡಿ. ಇಲಿ ಇದ್ದಲ್ಲಿ ಹಾವು ಬಂದೇ ಬರುತ್ತದೆ.

ನೆರಳಿಗೆ ಮೊದಲ ವರ್ಷ ಹಸಿರು ನೆಟ್ ಕಟ್ಟಿ, ಅದರ ಜೊತೆಗೇ ಗಿಡ ಹಚ್ಚಿ. ನುಗ್ಗೆ ಬೇಗ ಏರುತ್ತದೆ, ಸೊಪ್ಪು ಕೋಳಿಗೂ ಆಯಿತು, ಮನೆಗೂ ಆಯಿತು. ಬೇಲಿಯ ಮೇಲೆ ತೊಂಡೆ ಹಬ್ಬಿಸಿದರೆ ವರ್ಷಗಟ್ಟಲೆ ಇರುತ್ತದೆ. ಬುಡ ಮಾತ್ರ ಬೇಲಿಯ ಹೊರಗಿರಲಿ, ಒಳಗಿದ್ದರೆ ಬೇರು ಕಾಣುವವರೆಗೂ ಕೆದರುತ್ತವೆ. ಬೇವು ನಿಧಾನ, ಆದರೂ ಒಂದು ಹಚ್ಚಿ.

ಜಾಗವಿದ್ದವರು ಅಂಗಳವನ್ನು ನಡುವೆ ಬಲೆ ಹಾಕಿ ಎರಡು ಮಾಡಿ, ಒಂದರಲ್ಲಿ ಕೋಳಿ ಇರುವಾಗ ಇನ್ನೊಂದಕ್ಕೆ ಗರಿಕೆ ಚಿಗುರಲು ಬಿಡಬಹುದು. ಒಂದೊಂದು ಕೋಳಿಗೆ 10 ಅಡಿಯಷ್ಟೇ ಇರುವ ಅಂಗಳದಲ್ಲಿ ಹಸಿರು ಉಳಿಯುವ ಆಸೆ ಬಿಡಿ. ಸೊಪ್ಪನ್ನು ತಂದು ಕಟ್ಟಿ ನೇತು ಹಾಕುವುದೇ ಸುಲಭ.

ಒಂದು ಮೂಲೆಯಲ್ಲಿ, ಮಳೆ ತಾಗದ ಕಡೆ, ಎರಡಡಿ ಚೌಕದ ಗುಂಡಿಗೆ ಸಣ್ಣ ಮಣ್ಣು, ಒಲೆಯ ಬೂದಿ ಹಾಕಿ. ಧೂಳಲ್ಲಿ ಹೊರಳಿಯೇ ಕೋಳಿ ಹೇನು ಕಳೆದುಕೊಳ್ಳುವುದು. ಇದಿಲ್ಲದಿದ್ದರೆ ಅಂಗಳದ ಎಲ್ಲಿ ಬೇಕಾದಲ್ಲಿ ಗುಂಡಿ ತೋಡುತ್ತವೆ.

ನೀರಿನ ಜಾಗವೂ ಜಾಗವೇ

ಸಾಧಾರಣ ದಿನದಲ್ಲಿ ಒಂದು ಕೋಳಿ ಕಾಲು ಲೀಟರ್ ನೀರು ಕುಡಿಯುತ್ತದೆ, ಕಡು ಬೇಸಿಗೆಯಲ್ಲಿ ಅದರ ದುಪ್ಪಟ್ಟು. ಹನ್ನೊಂದಕ್ಕೆ ದಿನಕ್ಕೆ ಐದಾರು ಲೀಟರ್. ಹತ್ತು ಲೀಟರ್ ಹಿಡಿಯುವಷ್ಟು ಮಣ್ಣಿನ ಕುಂಡಗಳನ್ನು ಎರಡು ಮೂರು ಕಡೆ ಹಂಚಿ ನೆರಳಲ್ಲಿಡಿ. ಒಂದೇ ಕಡೆ ಇಟ್ಟರೆ ಜೋರಿನ ಕೋಳಿ ಅದರ ಮುಂದೆ ನಿಂತು ಉಳಿದವನ್ನು ಹತ್ತಿರ ಬಿಡುವುದಿಲ್ಲ, ಬಿಸಿಲಲ್ಲಿ ಮೊದಲು ಬೀಳುವುದು ಆ ಬಡಪಾಯಿಗಳೇ. ಮೇವನ್ನು ಬೆಳಿಗ್ಗೆ ಬೇಗ, ಸಂಜೆ ತಡವಾಗಿ ಹಾಕಿ. ಅರಗಿಸುವಾಗಲೂ ಮೈ ಬಿಸಿಯೇರುತ್ತದೆ.

ಗೂಡಿನ ಬಲೆಗೆ ಒದ್ದೆ ಗೋಣಿ ತಟ್ಟು ಕಟ್ಟುವುದು ಏಪ್ರಿಲ್-ಮೇನ ಒಣ ಗಾಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ಬದಿಗೆ ಕಟ್ಟಿ, ಎದುರು ಬದಿ ತೆರೆದಿಡಿ. ಮಳೆಗಾಲದ ಮೋಡದ ಸೆಕೆಯಲ್ಲಿ ಇದೇ ಉಪಾಯ ಉಲ್ಟಾ ಹೊಡೆಯುತ್ತದೆ: ಗಾಳಿಯಲ್ಲೇ ನೀರಿನಂಶವಿರುವಾಗ ತೇಕಿದರೂ ತಂಪಾಗುವುದಿಲ್ಲ.

ಜಾಗ ಸಾಲುತ್ತಿಲ್ಲ ಎಂದು ಕೋಳಿಯೇ ಹೇಳುತ್ತದೆ

ಬಾಲದ ಬುಡದಲ್ಲಿ, ಬೆನ್ನಲ್ಲಿ ಗರಿ ಕಿತ್ತ ಗುರುತು. ದಿನವಿಡೀ ಗಳದ ಮೇಲೇ ಕೂತು ಕೆಳಗಿಳಿಯಲು ಹೆದರುವ ಒಂದು ಹೇಂಟೆ. ಪೆಟ್ಟಿಗೆ ಬಿಟ್ಟು ಮೂಲೆಯಲ್ಲಿ ಹಾಕಿದ ಮೊಟ್ಟೆ, ಒಡೆದು ತಿಂದ ಮೊಟ್ಟೆ. ಇವು ಕಂಡರೆ ಮೇವು ಬದಲಿಸುವ ಮೊದಲು ಕೋಳಿ ಎಣಿಸಿ, ನೆರಳು ಅಳೆಯಿರಿ. ಒಂದೆರಡು ಕೋಳಿ ಕಡಿಮೆ ಮಾಡುವುದು ಅಥವಾ ಇನ್ನೊಂದು ತುಂಡು ನೆಟ್ ಕಟ್ಟುವುದು, ಎರಡರಲ್ಲಿ ಒಂದು ಆಗಲೇಬೇಕು.

ಹೊಸ ಗೂಡಿಗೆ ಬಂದ ಕೋಳಿಯನ್ನು ಸ್ವಲ್ಪ ಇಕ್ಕಟ್ಟಾದರೂ ಮೊದಲ ಐದಾರು ದಿನ ಗೂಡಿನಲ್ಲೇ ಇಟ್ಟು ಆಮೇಲೆ ಅಂಗಳಕ್ಕೆ ಬಿಡಿ. ಬೇಸಿಗೆಯಲ್ಲಿ ಈ ಕೆಲಸ ಬೇಡ, ದೀಪಾವಳಿಯಿಂದ ಸಂಕ್ರಾಂತಿಯ ನಡುವೆ ಮಾಡಿ. ಗೂಡು ಪರಿಚಯವಾದ ಮೇಲೆ ಸಂಜೆ ತಾವಾಗಿ ಒಳಗೆ ಹೋಗುತ್ತವೆ, ನೀವು ಎಣಿಸಿ ಚಿಲಕ ಹಾಕಿದರಾಯಿತು.

ಮರೆಯುವ ಮೂರನೇ ಜಾಗ

ಗೂಡು, ಅಂಗಳ ಎರಡರ ಹೊರತಾಗಿ 3 ಅಡಿ ಚೌಕದ ಒಂದು ಸಣ್ಣ ಪಂಜರ ಬೇಕು. ಸಂತೆಯಿಂದ ತಂದ ಕೋಳಿಯನ್ನು ನೇರವಾಗಿ ಗೂಡಿಗೆ ಬಿಟ್ಟು ರಾಣಿಖೇತ್ ರೋಗ ತಂದುಕೊಂಡು ಇಡೀ ಗೂಡು ಖಾಲಿಯಾದ ಮನೆಗಳು ಪ್ರತಿ ಊರಲ್ಲೂ ಸಿಗುತ್ತವೆ. ಹೊಸದನ್ನು ಎರಡು ಮೂರು ವಾರ ಆ ಪಂಜರದಲ್ಲಿಟ್ಟು ನೋಡಿ. ಹಳೆಯವಕ್ಕೆ ಲಸಿಕೆ ಹಾಕಿಸಿಲ್ಲದಿದ್ದರೆ ಅಷ್ಟರಲ್ಲಿ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ಗಾಯವಾದ ಕೋಳಿಗೆ, ಕಾವಿಗೆ ಕೂತ ಹೇಂಟೆಗೆ, ಮರಿಯಿರುವ ತಾಯಿಗೆ ಅದೇ ಪಂಜರ ಆಗುತ್ತದೆ. ಒಮ್ಮೆ ಬಳಸಿದ ಮೇಲೆ ತೊಳೆದು, ಸುಣ್ಣ ಬಳಿದು, ಬಿಸಿಲಿಗೆ ಒಣಗಿಸಿ ಮುಂದಿನದಕ್ಕೆ ಇಡಿ.

ಪಂಜರವನ್ನು ಹಿತ್ತಲಿನ ಇನ್ನೊಂದು ತುದಿಯಲ್ಲಿ, ಸಾಧ್ಯವಾದಷ್ಟು ದೂರದಲ್ಲಿಡಿ. ಅದಕ್ಕೂ ನೆರಳು ಬೇಕು, ಬೇರೆಯೇ ನೀರಿನ ಕುಂಡ ಬೇಕು. ದಿನಾ ಮೊದಲು ಹಳೆಯ ಕೋಳಿಗಳ ಕೆಲಸ ಮುಗಿಸಿ ಕೊನೆಯಲ್ಲಿ ಅದರ ಬಳಿ ಹೋಗಿ, ಕೈಕಾಲು ತೊಳೆದುಕೊಂಡೇ ಮತ್ತೆ ಗೂಡಿನ ಕಡೆ ಬನ್ನಿ.